ಬಂದವರ ಕೊಡ

ನಮ್ಮೂರಲ್ಲಿ ಮನೆಗೆ ಬಂದವರಿಗೆ ಆ ಮನೆಯ ಬಾವಿಯ ನೀರು ಕೊಡುವುದಿಲ್ಲ. ಕೊಟ್ಟರೆ ಕಹಿಯಾಗುತ್ತದೆ. ಮನೆಯವರು ಕುಡಿದಾಗ ಸಿಹಿಯಾಗಿರುವ ಅದೇ ನೀರು, ಮನೆಯವರ ಕೈಯಿಂದ ಹೊರಗಿನವರ ಬಾಯಿಗೆ ಹೋದ ಕೂಡಲೇ ಬೇವಿನ ಕಷಾಯವಾಗಿಬಿಡುತ್ತದೆ. ಯಾಕೆ ಎಂದು ನನ್ನನ್ನು ಕೇಳಿ ಪ್ರಯೋಜನವಿಲ್ಲ. ಚಿಕ್ಕವಳಿದ್ದಾಗ ನಮ್ಮಮ್ಮನನ್ನು ಕೇಳಿದ್ದೆ. ಅವಳು, 'ಮೊದ್ಲು ಕೊಡ ಎತ್ಕೊ' ಎಂದಿದ್ದಳು. ಮುಂದೆ ನನ್ನ ಮಗಳು ಕೇಳಿದಾಗ ನಾನೂ ಅದನ್ನೇ ಹೇಳಿದೆ.

ಹಾಗಂತ ಬಂದವರನ್ನು ಬಾಯಾರಿಸಿ ಕಳಿಸಲಾದೀತೇ? ಅದಕ್ಕೇ ನಮ್ಮೂರಲ್ಲಿ ಮನೆಗೊಂದು ಮನೆ ಜೋಡಿ. ನೀರುನಂಟರು ಎನ್ನುತ್ತೇವೆ. ನಮ್ಮ ನೀರುನಂಟರು ಎದುರು ಮನೆಯ ಓಂಕಾರಪ್ಪ, ಚಂದ್ರಕಲಾ. ಎಲ್ಲ ಮನೆಗಳಲ್ಲೂ ಹೊಸ್ತಿಲ ಒಳಗೆ ಬಲಗಡೆ, ಕಲ್ಲಿನ ಮೇಲೆ ಒಂದು ತಾಮ್ರದ ಕೊಡ ಇರುತ್ತದೆ. ಅದರ ಹೆಸರು ಬಂದವರ ಕೊಡ. ನಮ್ಮ ಬಂದವರ ಕೊಡಕ್ಕೆ ಅವರ ಬಾವಿಯ ನೀರು, ಅವರ ಬಂದವರ ಕೊಡಕ್ಕೆ ನಮ್ಮ ಬಾವಿಯ ನೀರು. ಬೆಳಿಗ್ಗೆ ಎದ್ದು ನಾನು ಅವರ ಹಿತ್ತಲಿಗೆ ಹೋಗಿ ಸೇದುತ್ತೇನೆ, ಚಂದ್ರಕಲಾ ನಮ್ಮ ಹಿತ್ತಲಿಗೆ ಬಂದು ಸೇದುತ್ತಾಳೆ. ದಾರಿಯಲ್ಲಿ ಎದುರಾದರೆ ಅರ್ಧ ಗಂಟೆ ಹರಟೆ. ಆ ಕೊಡದ ನೀರನ್ನು ಮನೆಯವರು ಯಾರೂ ಕುಡಿಯುವುದಿಲ್ಲ. ಕುಡಿಯಬಾರದು ಎಂದೇನಿಲ್ಲ, ಕುಡಿಯಬೇಕು ಅನ್ನಿಸುವುದೇ ಇಲ್ಲ.

ನನ್ನ ಹೆಸರು ಸರ್ವಮಂಗಳ. ಹೆಸರಿಗೆ ತಕ್ಕ ಹಾಗೆ ಬದುಕಲಿಲ್ಲ, ಅದನ್ನು ಮುಂದೆ ನೀವೇ ನೋಡುತ್ತೀರಿ. ನಮ್ಮ ಯಜಮಾನರು ತಿಪ್ಪೇಸ್ವಾಮಿ ಗಾದಿ ಹೊಲಿಯುತ್ತಾರೆ. ನಾನು ಪುರಸಭೆಯಲ್ಲಿ ಕರೆಯುವ ಕೆಲಸದವಳು. ಲಸಿಕೆಯ ದಿನ, ಕಣ್ಣಿನ ಪರೀಕ್ಷೆಯ ದಿನ ಮನೆಮನೆಗೂ ಹೋಗಿ ಕರೆದುಕೊಂಡು ಬರಬೇಕು. ಯಾವ ಮನೆಯಲ್ಲಿ ಯಾರು ಬಸುರಿ, ಯಾರ ಕೂಸಿಗೆ ಎಷ್ಟು ತಿಂಗಳು ಎಲ್ಲವೂ ನನಗೆ ಬಾಯಿಪಾಠ. ಬಾಯಿ ಸ್ವಲ್ಪ ಜೋರು. ಆ ಕೆಲಸಕ್ಕೆ ಅದೇ ಬೇಕಿತ್ತು.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಜಿಲ್ಲೆಯಿಂದ ಲವೀನಾ ಮೇಡಂ ಬಂದರು. ಕರಾವಳಿ ಕಡೆಯವರು, ನೀರು ಪರೀಕ್ಷೆ ಮಾಡುವವರು. ಪುರಸಭೆಯ ಅಂಗಳದಲ್ಲಿ ಜನ ಸೇರಿಸಿ ಮಾತಾಡಿದರು. "ದೊಡ್ಡ ಊರುಗಳಲ್ಲಿ ನಲ್ಲಿ ನೀರನ್ನು ತಿಂಗಳಿಗೊಮ್ಮೆ ನೋಡ್ತಾರೆ. ನಿಮ್ಮ ಬಾವಿ ನಿಮ್ಮ ಸ್ವಂತದ್ದು, ಹಾಗಾಗಿ ಇಷ್ಟು ವರ್ಷ ಯಾರೂ ನೋಡಲಿಲ್ಲ. ಸ್ವಂತ ಬಾವಿ ನೀರು ಕುಡಿದು ಕಾಯಿಲೆ ಬಿದ್ರೆ, ಆ ಕಾಯಿಲೆಯೂ ಸ್ವಂತದ್ದು, ನೀವೇ ನೋಡಿಕೊಳ್ಳಿ ಅಂತ ಬಿಡ್ಲಿಕ್ಕಾಗ್ತದಾ? ಇನ್ನು ಮೇಲೆ ಪರೀಕ್ಷೆಯೂ ಸರ್ಕಾರದ್ದು, ನೀರು ಕೆಟ್ಟಿದ್ರೆ ಶುದ್ಧ ಮಾಡುವ ಮಿಷನ್ನೂ ಸರ್ಕಾರದ್ದು." ನನಗೆ ಆ ಹೆಂಗಸಿನ ಮಾತು ಹಿಡಿಸಿತು. ಇಂಥ ನ್ಯಾಯದ ಮಾತನ್ನು ಆ ಅಂಗಳದಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ.

ಬಾಟಲಿ ಸಂಗ್ರಹಿಸುವ ಕೆಲಸ ನನ್ನ ಪಾಲಿಗೆ ಬಂತು. ಮುನ್ನೂರ ಹನ್ನೆರಡು ಮನೆ. ನಾನು ಮುಂದೆ, ಬಾಟಲಿಯ ಚೀಲ ಹಿಡಿದ ಮೇಡಂ ಹಿಂದೆ. ಬಾಗಿಲಲ್ಲಿ ನಿಂತು, "ನಿಮ್ಮ ನೀರು ಒಂದು ಬಾಟ್ಲಿ ಕೊಡ್ರವ್ವ" ಎನ್ನುತ್ತಿದ್ದೆ. ಹೆಂಗಸರು ಬಾಟಲಿಯನ್ನು ಎರಡು ಸಲ ಗಲಬರಿಸಿ, ಸೆರಗಿನಿಂದ ಒರೆಸಿ, ಬಂದವರ ಕೊಡದಿಂದ ತುಂಬಿ ಮೇಡಂ ಕೈಗೆ ಕೊಡುತ್ತಿದ್ದರು. "ಮನೆಯಲ್ಲಿ ಕುಡಿಯುವ ನೀರೇ ಅಲ್ವಾ?" ಎಂದು ಮೇಡಂ ಪ್ರತಿ ಬಾಗಿಲಲ್ಲೂ ಕೇಳಿದರು. "ಕುಡಿಯೋ ನೀರೇ ಮೇಡಂ" ಎಂದು ಪ್ರತಿ ಬಾಗಿಲಲ್ಲೂ ಉತ್ತರ ಬಂತು. ಅದರಲ್ಲಿ ಸುಳ್ಳೇನಿತ್ತು? ಕುಡಿಯುವ ನೀರೇ. ಮೇಡಂ ಹೊರಗಿನವರು, ಹೊರಗಿನವರ ಕೈಗೆ ಹೋಗುವ ನೀರು ಆ ಕೊಡದ್ದೇ. ನಾನು ಒಂದೊಂದು ಬಾಟಲಿಗೂ ಆ ಮನೆಯ ನಂಬರಿನ ಚೀಟಿ ಅಂಟಿಸಿದೆ. ನಮ್ಮ ಮನೆಗೆ ಬಂದಾಗ ನಾನೂ ಒಳಗೆ ಹೋಗಿ, ಬಲಗಡೆಗೆ ಬಗ್ಗಿ, ಬಂದವರ ಕೊಡದಿಂದಲೇ ತುಂಬಿ, ನಮ್ಮ ನಂಬರು ಅಂಟಿಸಿದೆ. ಮುನ್ನೂರ ಹನ್ನೆರಡು ಮನೆಗಳಲ್ಲಿ ಒಬ್ಬರಿಗೂ ಏನೋ ತಪ್ಪುತ್ತಿದೆ ಅನ್ನಿಸಲಿಲ್ಲ. ಮರ್ಯಾದೆಯಿಂದ ನಡೆದುಕೊಂಡಿದ್ದೇವೆ ಎಂದೇ ಎಲ್ಲರೂ ತಿಳಿದಿದ್ದೆವು.

ತಿಂಗಳಾದ ಮೇಲೆ ಚೀಟಿಗಳು ಬಂದವು. ನೀರು ಚೆನ್ನಾಗಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ಎಂಬತ್ತೆಂಟು ಮನೆಗೆ ಕೆಂಪು. ನೀರಿನಲ್ಲಿ ನೈಟ್ರೇಟ್ ಎಂಬುದು ಸೇರಿದೆ, ಪಾಯಖಾನೆ ಗುಂಡಿ ಬಾವಿಗೆ ಹತ್ತಿರವಿದ್ದರೆ ಇಳಿಯುತ್ತದೆ ಎಂದು ಮೇಡಂ ಬಿಡಿಸಿ ಹೇಳಿದರು. ನಾನು ಅವರ ಮಾತನ್ನು ಕಲಿತುಕೊಂಡು ಕೆಂಪು ಚೀಟಿಯ ಮನೆಗಳಲ್ಲೆಲ್ಲ ಒಪ್ಪಿಸಿದೆ: ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ದೊಡ್ಡವರಿಗೆ ಅಷ್ಟೇನೂ ಆಗುವುದಿಲ್ಲ, ಆರು ತಿಂಗಳೊಳಗಿನ ಕೂಸಿಗೆ ವಿಷ, ಕಾಯಿಸಿದರೂ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಎಂಬತ್ತೆಂಟು ಮನೆಯಲ್ಲಿ ಹೇಳಿದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

ಎದುರು ಮನೆಗೆ ಕೆಂಪು ಬಂತು. ನಮಗೆ ಹಸಿರು. ಚಂದ್ರಕಲಾ ಎರಡು ದಿನ ಅತ್ತಳು. "ನಮ್ಮತ್ತೆ ಕುಡಿದಿದ್ದು, ಅವರತ್ತೆ ಕುಡಿದಿದ್ದು ಇದೇ ನೀರು ಮಂಗಳಕ್ಕ. ಈಗ ವಿಷ ಅಂದ್ರೆ ನಾನೇ ಏನೋ ಮಾಡಿದಂಗೆ ಅನ್ಸುತ್ತೆ" ಎಂದಳು. ನಾನು ಬೆನ್ನು ಸವರಿ ಸಮಾಧಾನ ಹೇಳಿದೆ. ಹೇಳುತ್ತಾ ಒಳಗೊಳಗೇ ಬೀಗಿದೆ. ಯಾಕೆ ಸುಳ್ಳು ಹೇಳಲಿ, ಮನೆಗೆ ಬಂದು ಆ ಹಸಿರು ಚೀಟಿಯನ್ನು ದೇವರ ಪಟದ ಪಕ್ಕದಲ್ಲೇ ಅಂಟಿಸಿದೆ. ಸರ್ಕಾರದವರು ಓಂಕಾರಪ್ಪನ ಅಡುಗೆ ಮನೆಯ ಗೋಡೆಗೆ ಮಿಷನ್ ಕೂರಿಸಿ ಹೋದರು. ಅವನು ಸ್ಟೌ ರಿಪೇರಿ ಮಾಡುವವನು, ಸ್ಕ್ರೂ ಬಿಚ್ಚಿ ಹಾಕುವುದೆಂದರೆ ಪ್ರಾಣ. ಆ ಮಿಷನ್ನನ್ನು ಒರೆಸಿ ಒರೆಸಿ ಕನ್ನಡಿ ಮಾಡಿಟ್ಟ. ಅಲ್ಲಿಂದ ಮುಂದೆ ನಮ್ಮ ಬಂದವರ ಕೊಡಕ್ಕೂ ಆ ಮಿಷನ್ ನೀರೇ ಬರತೊಡಗಿತು.

ನಮಗೆ ಒಬ್ಬಳೇ ಮಗಳು, ಅನಸೂಯ. ಮದುವೆಯಾಗಿ ನಾಲ್ಕು ವರ್ಷಕ್ಕೆ ಬಸುರಾಗಿ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಳು. ಕೊಟ್ಟ ಹೆಣ್ಣು ತವರಿಗೆ ಬಂದರೆ ನಮ್ಮೂರ ತಾಯಂದಿರಿಗೆ ಒಂದು ಪುಕಪುಕ ಇರುತ್ತದೆ. ಮನೆಯ ಬಾವಿಯ ನೀರನ್ನು ಕೊಡುತ್ತೇವೆ. ಸಿಹಿಯೆಂದರೆ ಅವಳು ಇನ್ನೂ ನಮ್ಮವಳು. ಕಹಿಯೆಂದರೆ ಗಂಡನ ಮನೆಯವಳಾದಳು ಎಂದರ್ಥ, ಆಮೇಲೆ ಅವಳಿಗೂ ಬಂದವರ ಕೊಡವೇ. ಕಹಿಯಾದರೂ ಸಿಹಿ ಎಂದು ಸುಳ್ಳು ಹೇಳುವ ಹುಡುಗಿಯರಿದ್ದಾರೆ. ತಾಯಂದಿರು ಅದಕ್ಕೇ ಮಾತು ಕೇಳುವುದಿಲ್ಲ, ಮುಖ ನೋಡುತ್ತಾರೆ. ಅನಸೂಯ ಲೋಟ ಎತ್ತಿದಾಗ ನಾನು ಕಣ್ಣು ಮಿಟುಕಿಸಲಿಲ್ಲ. ಅವಳು ಗಟಗಟ ಕುಡಿದು, "ಇನ್ನೊಂದ್ ಲೋಟ ಕೊಡಮ್ಮ" ಎಂದಳು. ನಾನು ಹಿತ್ತಲಿಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತು ಅತ್ತೆ.

ಹೆಣ್ಣು ಕೂಸು ಹುಟ್ಟಿತು. ಹೆಸರಿಡುವುದು ಮೂರನೇ ತಿಂಗಳಿಗೆ ಎಂದಿದ್ದೆವು, ಅಲ್ಲಿಯವರೆಗೆ ಪುಟ್ಟಿ. ಹೆರಿಗೆಯಾದ ಮೇಲೆ ಅನಸೂಯನಿಗೆ ಜ್ವರ ಬಂದು ಎದೆಹಾಲು ಬತ್ತಿತು. ಡಬ್ಬಿಯ ಪುಡಿ ಕಲಸಿ ಕುಡಿಸಿ ಎಂದರು. ಬೆಳ್ಳಿಯ ಒಳಲೆ ತೆಗೆದೆ, ಅನಸೂಯನಿಗೆ ಹಾಲು ಹಾಕಿದ್ದೂ ಅದರಲ್ಲೇ. ನಮ್ಮ ಬಾವಿಯ ನೀರನ್ನು ಸೇದಿ, ಸೋಸಿ, ಇಪ್ಪತ್ತು ನಿಮಿಷ ಕುದಿಸಿ, ಆರಿಸಿ, ಪುಡಿ ಕಲಸಿ ಮೊದಲ ಒಳಲೆಯನ್ನು ತುಟಿಗಿಟ್ಟೆ. ಕೂಸು ಬೇರೆ ಮನೆಯ ಕುಡಿ, ಮುಖ ಕಿವಿಚುತ್ತದೇನೋ ಎಂದು ಬಗ್ಗಿ ಅದರ ಮುಖವನ್ನೇ ನೋಡಿದೆ. ಪುಟ್ಟಿ ಚಪ್ಪರಿಸಿ ಕುಡಿಯಿತು, ಒಳಲೆಯ ಮೂತಿಯನ್ನು ಬಿಡಲೇ ಇಲ್ಲ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ, ನಮ್ಮ ಪುಟ್ಟಿ ನಮ್ಮ ನೀರಿನ ಕೂಸು ಎಂದು.

ಚಂದ್ರಕಲಾ ಒಂದು ಬೆಳಿಗ್ಗೆ ಸ್ಟೀಲ್ ಕ್ಯಾನ್ ತುಂಬಿಸಿಕೊಂಡು ಬಂದಳು. "ಮಂಗಳಕ್ಕ, ಇದು ಮಿಷನ್ ನೀರು. ಪುಟ್ಟಿಗೆ ಇದ್ರಲ್ಲೇ ಕಲಸು. ಒಳ್ಳೇದಂತೆ, ಎಳೇ ಕೂಸು ನೋಡು."

"ಬಂದೋರಿಗೆ ಕೊಡೋ ನೀರು ನನ್ ಮೊಮ್ಮಗಳಿಗೆ ಯಾಕೆ?" ಎಂದೆ. "ನಮ್ದು ಹಸಿರು ಚೀಟಿ ಕಣೇ."

ಅವಳ ಮುಖ ಸಪ್ಪಗಾಯಿತು. ಕ್ಯಾನ್ ಎತ್ತಿಕೊಂಡು ಹೋದಳು. ಆ ಕ್ಯಾನ್ ಹೋಗುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಈಗಲೂ ದಿನಾ ನೋಡುತ್ತೇನೆ.

ಐವತ್ತನೇ ದಿನಕ್ಕೆ ಪುಟ್ಟಿಯ ತುಟಿಯ ಬಣ್ಣ ಬದಲಾಯಿತು. ನೇರಳೆ ಹಣ್ಣು ತಿಂದವರ ತುಟಿಯ ಹಾಗೆ. ಥಂಡಿ ಎಂದುಕೊಂಡು ಸಾಂಬ್ರಾಣಿ ಹಾಕಿದೆ, ಮೈಗೆ ಬೆಚ್ಚಗೆ ಸುತ್ತಿದೆ. ಕೂಸು ಸುಸ್ತಾಗಿದೆ ಎಂದು ಒಂದು ಒಳಲೆ ಹೆಚ್ಚಿಗೇ ಕುಡಿಸಿದೆ. ಮರುದಿನ ಬೆಳಿಗ್ಗೆ ಉಗುರೆಲ್ಲ ಬೂದುನೀಲಿ. ಅಳುವುದನ್ನೂ ನಿಲ್ಲಿಸಿತು. ನಾನೂ ಅನಸೂಯನೂ ಆಟೋ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಚಿಕ್ಕ ವಯಸ್ಸಿನವರು, ಹೊಸದಾಗಿ ಬಂದವರು. ಮೂಗಿಗೆ ಆಕ್ಸಿಜನ್ ಹಚ್ಚಿದರು. ಆದರೂ ಬಣ್ಣ ತಿರುಗಲಿಲ್ಲ. ಅವರು ಯೋಚಿಸಿ, "ಪುಡಿ ಹಾಲಾ? ಯಾವ ನೀರಲ್ಲಿ ಕಲಸ್ತೀರಮ್ಮ?" ಎಂದರು.

"ನಮ್ ಬಾವಿ ನೀರು ಸಾರ್. ಪರೀಕ್ಷೆ ಆಗಿದೆ, ಹಸಿರು ಚೀಟಿ. ಬಾಟ್ಲಿಗೆ ನಂಬರ್ ಅಂಟ್ಸಿದ್ದು ನಾನೇ."

"ಆದ್ರೂ ಒಂದು ಬಾಟ್ಲಿ ತರಿಸಿ, ನಾನೇ ನೋಡ್ತೀನಿ. ನೀರಿಂದ ಆಗಿದ್ರೆ ಇದಕ್ಕೊಂದು ಇಂಜೆಕ್ಷನ್ ಇದೆ. ಆದ್ರೆ ಸುಮ್‌ಸುಮ್ನೆ ಇಷ್ಟು ಎಳೇ ಕೂಸಿಗೆ ಕೊಡೋ ಹಂಗಿಲ್ಲ."

ಯಜಮಾನರಿಗೆ ಫೋನ್ ಮಾಡಿದೆ. "ಡಾಕ್ಟ್ರಿಗೆ ನಮ್ ಮನೆ ನೀರು ಒಂದು ಬಾಟ್ಲಿ ಬೇಕಂತೆ, ಬೇಗ ಬನ್ನಿ" ಎಂದೆ. ಅವರು ಮುಕ್ಕಾಲು ಗಂಟೆಯಲ್ಲಿ ಬಂದರು, ಅಂಗಿಗೆ ಅಂಟಿದ ಹತ್ತಿಯನ್ನೂ ಕೊಡವದೆ. ಡಾಕ್ಟರು ಬಾಟಲಿಗೆ ಕಾಗದದ ಪಟ್ಟಿಯೊಂದನ್ನು ಅದ್ದಿ ಕಿಟಕಿಯ ಬೆಳಕಿಗೆ ಹಿಡಿದರು. ಪಟ್ಟಿ ಬೆಳ್ಳಗೇ ಉಳಿಯಿತು. "ನೀರು ಚೆನ್ನಾಗಿದೆ" ಎಂದರು. "ಹಾಗಾದ್ರೆ ಹೃದಯದ್ದೇ ತೊಂದರೆ ಇರಬೇಕು. ಜಿಲ್ಲಾಸ್ಪತ್ರೆಗೆ ಹೋಗಿ, ಬರೆದುಕೊಡ್ತೀನಿ." ನಾನು ಆ ಗಳಿಗೆಯಲ್ಲೂ, ನನ್ನ ಬಾವಿಗೆ ಕೆಟ್ಟ ಹೆಸರು ಬರಲಿಲ್ಲವಲ್ಲ ಎಂದು ಸಮಾಧಾನಪಟ್ಟೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಆಂಬುಲೆನ್ಸಿನಲ್ಲಿ ಕೂತು ಅರ್ಧ ದಾರಿ ಹೋಗಿರಬೇಕು. ನನ್ನ ನಾಲಿಗೆ ಒಣಗಿ ಅಂಗುಳಿಗೆ ಅಂಟುತ್ತಿತ್ತು. ಯಜಮಾನರ ಕೈಯಲ್ಲಿ ಆ ಬಾಟಲಿ ಹಾಗೇ ಇತ್ತು. ಇಸಿದುಕೊಂಡು ಒಂದು ಗುಟುಕು ಕುಡಿದೆ. ಸಪ್ಪೆ. ನಮ್ಮ ನೀರಿಗೆ ಕೊನೆಯಲ್ಲೊಂದು ಸಿಹಿ ಇದೆ, ಮೂವತ್ತು ವರ್ಷದಿಂದ ಕುಡಿದವಳು ನಾನು. ಈ ನೀರಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ.

"ಇದನ್ನ ಎಲ್ಲಿಂದ ತಂದ್ರಿ?"

"ಎಲ್ಲಿಂದ ಅಂದ್ರೆ? ಬಂದೋರ ಕೊಡದಿಂದ" ಎಂದರು ಅವರು. "ಡಾಕ್ಟ್ರು ಹೊರಗಿನೋರಲ್ವೇನೆ? ನಮ್ ಬಾವೀದು ಕೊಡಕ್ಕಾಗುತ್ತಾ?"

ಆಗ ನನಗೆ ಎಲ್ಲ ಬಾಟಲಿಗಳೂ ಕಂಡವು. ಮುನ್ನೂರ ಹನ್ನೆರಡು ಬಾಗಿಲು, ಬಲಗಡೆಗೆ ಬಗ್ಗಿದ ಮುನ್ನೂರ ಹನ್ನೆರಡು ಬೆನ್ನು. ಎದುರು ಮನೆಯ ಕೆಂಪು ಚೀಟಿ ನನ್ನ ಬಾವಿಯದು. ನನ್ನ ಹಸಿರು ಚೀಟಿ ಅವರ ಬಾವಿಯದು. ವಿಷವಿಲ್ಲದ ನೀರನ್ನು ಮಿಷನ್ ಒಂದು ವರ್ಷದಿಂದ ಶುದ್ಧ ಮಾಡುತ್ತಿದೆ, ವಿಷವಿದ್ದ ನೀರನ್ನು ನಾನು ಇಪ್ಪತ್ತು ನಿಮಿಷ ಕುದಿಸಿ ಗಟ್ಟಿ ಮಾಡಿ ಕುಡಿಸಿದ್ದೇನೆ. "ಗಾಡಿ ತಿರುಗ್ಸಿ" ಎಂದು ಕೂಗಿದೆ. ಡ್ರೈವರು, ಇನ್ನು ಜಿಲ್ಲಾಸ್ಪತ್ರೆಯೇ ಹತ್ತಿರ ಎಂದ. ಅವನು ಹೇಳಿದ್ದು ನಿಜ. ಅನಸೂಯ ಮಡಿಲಲ್ಲಿದ್ದ ಪುಟ್ಟಿಯ ಕಾಲನ್ನು ಉಜ್ಜುತ್ತಲೇ ಇದ್ದಳು. ಆಸ್ಪತ್ರೆಯ ಗೇಟು ಕಾಣಿಸುವಾಗ ಉಜ್ಜುವುದನ್ನು ನಿಲ್ಲಿಸಿದಳು. ಅಲ್ಲಿನ ಡಾಕ್ಟರಿಗೆ ನಾನು ಎಲ್ಲವನ್ನೂ ಹೇಳಿದೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಬಟ್ಟೆಯನ್ನು ಕೂಸಿನ ಮುಖದ ಮೇಲಕ್ಕೆ ಎಳೆದರು.

ಮೂರನೇ ದಿನ ಲವೀನಾ ಮೇಡಂ ಬಂದರು. ನಾನೇ ಹೇಳಿ ಕಳಿಸಿದ್ದೆ. ಬಂದವರ ಕೊಡದ ಕಥೆಯನ್ನು ಮೊದಲಿನಿಂದ ಹೇಳಿದೆ. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಜಗುಲಿಯ ಮೇಲೆ ಕುಸಿದು ಕೂತರು. "ನಾನು ಪ್ರತಿ ಮನೆಯಲ್ಲೂ ಕೇಳಿದ್ದೆ" ಎಂದರು. "ಕುಡಿಯುವ ನೀರಾ ಅಂತ ಕೇಳಿದ್ದೆ. ಯಾರು ಕುಡಿಯುವ ನೀರು ಅಂತ ಕೇಳಬೇಕು ಅಂತ ನನಗೆ ಹೇಗೆ ಹೊಳೀಬೇಕಿತ್ತು ಅಮ್ಮ?" ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಬಾವಿಯಿಂದ ನಾನೇ ಸೇದಿ, ನನ್ನ ಕೈಯಿಂದಲೇ ಬಾಟಲಿ ಕೊಟ್ಟೆ. ಪಟ್ಟಿ ಅದ್ದುವಷ್ಟರಲ್ಲಿ ಕಡು ಗುಲಾಬಿಯಾಯಿತು.

ಹಸಿರು ಚೀಟಿಯ ಮನೆಗಳಲ್ಲಿ ಎಳೆಗೂಸುಗಳು ಎಲ್ಲೆಲ್ಲಿವೆ ಎಂದು ಮೇಡಂ ಕೇಳಿದರು. ಐದು ಮನೆಯ ಹೆಸರನ್ನು ಉಸಿರು ತೆಗೆದುಕೊಳ್ಳದೆ ಹೇಳಿದೆ. ಸೂತಕದವಳು ಎಂದು ನೋಡದೆ ಆ ಗಳಿಗೆಯಲ್ಲೇ ಹೊರಟೆ. ಚಂದ್ರಕಲಾ ಜೊತೆಗೆ ಬಂದಳು. ಬಾಗಿಲಲ್ಲಿ ನಿಂತು ಕೇಳುವ ಬದಲು ನೇರ ಹಿತ್ತಲಿಗೆ ಹೋಗಿ, ಬಾವಿಯ ಕಟ್ಟೆಯ ಬಳಿ ನಿಂತು ಸೇದಿಸಿದೆ. ಮೂರು ಮನೆಯವರು ಬೈದುಕೊಂಡೇ ಸೇದಿಕೊಟ್ಟರು. ಅದರಲ್ಲಿ ಎರಡು ಗುಲಾಬಿ. ನಾಲ್ಕನೇ ಮನೆಯ ಯಜಮಾನ, "ಹೊರಗಿನೋರಿಗೆ ಮನೆ ನೀರು ಕೊಡು ಅಂತೀಯಲ್ಲ, ನಿನಗೆ ತಲೆ ಕೆಟ್ಟಿದೆ" ಎಂದ. ನಾನು ಅವನ ಕಾಲು ಹಿಡಿದೆ. ಅವನ ಸೊಸೆ ಕೂಸನ್ನು ಸೊಂಟಕ್ಕೇರಿಸಿಕೊಂಡು ತಾನೇ ಸೇದಿದಳು. ಅದೂ ಗುಲಾಬಿ. ಐದನೇ ಮನೆಯ ಬಾಗಿಲು ತೆರೆಯಲೇ ಇಲ್ಲ. ಉಳಿದ ಮನೆಗಳ ಮಾತು ಎತ್ತಿದರೆ ಪುರಸಭೆಯಲ್ಲಿ, ಯೋಜನೆ ಮುಗಿದಿದೆ, ಮಿಷನ್‌ಗಳನ್ನು ಆಯಾ ನಂಬರಿನ ಮನೆಗೇ ಕೂರಿಸಿದ್ದೇವೆ, ಹೊಸ ಆದೇಶ ಬರಬೇಕು ಎನ್ನುತ್ತಾರೆ. ಮೇಡಂ ಬರೆಯುತ್ತಲೇ ಇದ್ದಾರೆ.

ಆ ಸಂಜೆ ನಾವು ಸುತ್ತಾಡಿ ಬರುವಷ್ಟರಲ್ಲಿ ಓಂಕಾರಪ್ಪ ತನ್ನ ಮನೆಯ ಮಿಷನ್ ಬಿಚ್ಚಿ ಹೆಗಲ ಮೇಲೆ ಹೊತ್ತು ತಂದಿದ್ದ. ಯಾರನ್ನೂ ಕೇಳದೆ ನಮ್ಮ ಅಡುಗೆ ಮನೆಯ ಗೋಡೆಗೆ ತೂತು ಕೊರೆಯುತ್ತಿದ್ದ. "ಇದು ನಿಮ್ದೇ ಅಕ್ಕ. ಒಂದು ವರ್ಷ ನಮ್ಮನೇಲಿತ್ತು" ಎಂದ. ಯಜಮಾನರು ಸ್ಕ್ರೂ ಎತ್ತಿ ಎತ್ತಿ ಕೊಡುತ್ತಿದ್ದರು. ನಾನು ಸೇದಿ ತಂದ ನಮ್ಮ ಬಾವಿಯ ನೀರು ಬಕೆಟ್ಟಿನಿಂದ ಪೈಪಿನಲ್ಲಿ ಏರಿ, ಮಿಷನ್ ಗೊರಗೊರ ಸದ್ದು ಮಾಡಿ, ನಲ್ಲಿಯಲ್ಲಿ ಸಣ್ಣಗೆ ಇಳಿಯಿತು. ಮೇಡಂ ಕೊಟ್ಟುಹೋಗಿದ್ದ ಪಟ್ಟಿಯೊಂದನ್ನು ಅದ್ದಿದೆ. ಬೆಳ್ಳಗಿತ್ತು.

ಬಿಸಿಲಲ್ಲಿ ಅಲೆದ ಚಂದ್ರಕಲಾ ಗೋಡೆಗೊರಗಿ ಕೂತಿದ್ದಳು. "ನೀರು ಕೊಡಕ್ಕ" ಎಂದಳು. ಹೊಸ್ತಿಲ ಬಳಿ ನೋಡಿದೆ. ಸೂತಕವೆಂದು ಬಂದವರ ಕೊಡವನ್ನು ಬೋರಲು ಹಾಕಿದ್ದೆವು. "ತಡಿ, ನಿಮ್ಮ ಬಾವೀದು ತರ್ತೀನಿ" ಎಂದೆ.

"ಇಲ್ಲಿರೋದೇ ಕೊಡು."

"ನಮ್ದೇ ನೀರು ಕಣೇ. ಕಹಿಯಾಗುತ್ತೆ."

"ಗೊತ್ತು. ಕೊಡು."

ಲೋಟ ತುಂಬಿ ಅವಳ ಕೈಗಿಟ್ಟೆ. ಮೊದಲ ಗುಟುಕಿಗೆ ಅವಳ ಮುಖವೆಲ್ಲ ಕಿವಿಚಿಕೊಂಡು ಕಣ್ಣಲ್ಲಿ ನೀರು ಬಂತು. ಲೋಟ ಕೆಳಗಿಡಲಿಲ್ಲ. ಪೂರ್ತಿ ಕುಡಿದಳು. ಮಿಷನ್ ವಿಷವನ್ನು ತೆಗೆದಿತ್ತು, ಅದನ್ನು ತೆಗೆದಿರಲಿಲ್ಲ.

ಒಳಕೋಣೆಯ ಬಾಗಿಲಲ್ಲಿ ಅನಸೂಯ ನಿಂತು ನೋಡುತ್ತಿದ್ದಳು. ಅವಳು ಏನು ಯೋಚಿಸುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು, ನಾನೂ ಅದನ್ನೇ ಯೋಚಿಸುತ್ತಿದ್ದೆ. ಪುಟ್ಟಿ ನಮ್ಮ ನೀರನ್ನು ಐವತ್ತು ದಿನ ಕುಡಿಯಿತು, ಒಂದು ಸಲವೂ ಮುಖ ಕಿವಿಚಲಿಲ್ಲ. ಮೊದಲ ಒಳಲೆಗೇ ಕಿವಿಚಿದ್ದರೆ ನಾನು ಹಿತ್ತಲಿಗೆ ಹೋಗಿ ಒಂದಿಷ್ಟು ಅತ್ತು, ಇದು ನಮ್ಮ ಕೂಸಲ್ಲ ಎಂದುಕೊಂಡು, ಬಂದವರ ಕೊಡದಿಂದ ಕುಡಿಸುತ್ತಿದ್ದೆ.